ನಳಿಕಾವಾಯು ಮೀಮಾಂಸೆ: ಬಾಗೂರು ಪಾಠ

ಯಾವ ಶಾಸ್ತ್ರಕ್ಕಾದರೂ ಮೊದಲು ಅಧಿಕಾರಿ ಯಾರೆಂದು ಗೊತ್ತಾಗಬೇಕು. ಡ್ರಿಪ್ ಪೈಪಿಗೆ ಬಾಯಿಟ್ಟು ಊದಿ, ಒಳಗಿದ್ದ ಇರುವೆಗಳ ರುಚಿ ಕಂಡವನೇ ಈ ಗ್ರಂಥಕ್ಕೆ ಅಧಿಕಾರಿ. ಹೊಸದುರ್ಗ ತಾಲ್ಲೂಕಿನಲ್ಲಿ ಅಂಥವರಿಗೆ ಬರವಿಲ್ಲ, ಬರವಿರುವುದು ಬೇರೆಯದಕ್ಕೆ.

ವಿಷಯ: ಕೊಳವೆಯಲ್ಲಿ ಇರತಕ್ಕದ್ದು ನೀರೋ, ಗಾಳಿಯೋ?

ಪೂರ್ವಪಕ್ಷವನ್ನು ಅಕ್ಕನ ಮಗ ಮಿಷಿಗನ್‌ನಿಂದ ವಿಡಿಯೋ ಕಾಲ್‌ನಲ್ಲಿ ಮಂಡಿಸಿದ. ಅವನ ಹಿತ್ತಿಲಲ್ಲೊಂದು ಈಜುಕೊಳ. ಚಳಿಗಾಲಕ್ಕೆ ಮುಂಚೆ ಅದನ್ನು ಮುಚ್ಚಬೇಕು. ನೆಲದಡಿಯ ಪೈಪಿನಲ್ಲಿ ನೀರು ಉಳಿದರೆ ಹೆಪ್ಪುಗಟ್ಟಿ, ಸುಮಾರು ಶೇ. 9ರಷ್ಟು ಹಿಗ್ಗಿ, ಪೈಪನ್ನೇ ಸೀಳುತ್ತದಂತೆ. ಆದ್ದರಿಂದ ಒಂದು ಕಡೆ ಯಂತ್ರ ಹಚ್ಚಿ ಗಾಳಿ ಊದುತ್ತಾನೆ. ಕೊಳದ ಗೋಡೆಯ ತೂತಿನಿಂದ ಮೊದಲು ನೀರು ನುಗ್ಗುತ್ತದೆ, ಆಮೇಲೆ ಗುಳುಗುಳು ಗುಳ್ಳೆ. ಗುಳ್ಳೆ ಏಳುತ್ತಿರುವಾಗಲೇ ತಣ್ಣೀರಿಗೆ ಕೈಯಿಳಿಸಿ, ರಬ್ಬರ್ ಬಿರಡೆ ತುರುಕಿ, ವಿಂಗ್ ನಟ್ ತಿರುಗಿಸಬೇಕು. ರಬ್ಬರು ಉಬ್ಬಿ ತೂತು ಬಂದ್. ತಳದ ಪೈಪಿಗೆ ಬಿರಡೆ ಹಾಕಲು ಮುಳುಗಬೇಕಾಗುತ್ತದೆ. ಅದಕ್ಕೂ ಉಪಾಯವಿದೆ: ತಳದಿಂದ ಗುಳ್ಳೆ ಬರುತ್ತಿರುವಾಗಲೇ ಮೇಲಿನ ವಾಲ್ವ್ ಮುಚ್ಚಿದರೆ, ಒಳಗೆ ಸಿಕ್ಕಿಬಿದ್ದ ಗಾಳಿಯೇ ನೀರನ್ನು ತಡೆದು ನಿಲ್ಲಿಸುತ್ತದೆ.

ಅವ್ವ ಫೋನಿಗೆ ಮುಖ ತಂದಳು. "ಅಲ್ಲಪ್ಪಾ, ಇರೋ ನೀರನ್ನ ಕರೆಂಟು ಸುಟ್ಟು ಯಾಕೆ ಓಡಿಸ್ತೀಯ?"

"ಇಲ್ಲಾಂದ್ರೆ ಚಳಿಗೆ ಪೈಪ್ ಒಡೆಯುತ್ತೆ ಅಜ್ಜಿ."

"ನಮ್ಮವು ಬಿಸಿಲಿಗೇ ಒಡೀತಾವೆ."

ಇಲ್ಲಿಗೆ ಖಂಡನ ಮುಗಿಯಿತು.

ಇನ್ನು ಸಿದ್ಧಾಂತ. ನಮ್ಮೂರು ಬಾಗೂರಿನಲ್ಲಿ ಪೈಪಿಗೆ ಗಾಳಿ ತುಂಬಲು ಯಂತ್ರ ಬೇಕಾಗಿಲ್ಲ. ನಲ್ಲಿ ತಿರುಗಿಸಿದರೆ ಮೊದಲು ಬುಸ್ಸೆಂದು ಬರುವುದು ಗಾಳಿಯೇ. ತೆಂಗಿನ ತೋಟದಲ್ಲಿ "ಬೋರು ಗಾಳಿ ಹೊಡೀತಿದೆ" ಎಂದರೆ ಯಾರೂ ಅದನ್ನು ಚಳಿಗಾಲದ ಪೂರ್ವಸಿದ್ಧತೆ ಎಂದು ಅರ್ಥೈಸುವುದಿಲ್ಲ. ಸೊಸೈಟಿ ಸಾಲ ನೆನೆದು ಬದುವಿನ ಮೇಲೆ ಕೂರುತ್ತಾರೆ. ಅಳಿಯ ಜಾಣತನದಿಂದ ಕೂಡಿಹಾಕುವ ಅದೇ ಗಾಳಿಯನ್ನು ನಾವು ಬಾವಿ ಮೋಟರಿನಿಂದ ಬಿಡಿಸಲು ಕೊಡಗಟ್ಟಲೆ ನೀರು ಸುರಿಯುತ್ತೇವೆ. ಫುಟ್‌ವಾಲ್ವ್ ಸೋರಿದರೆ ಸಗಣಿ ನೀರನ್ನೂ ಸುರಿಯುವುದುಂಟು. ಮಿಷಿಗನ್ನಿನ ಕೊಳದವರು ಹಾಗೆ ಮಾಡಲಾರರು, ಸಗಣಿಯ ಅಭಾವ.

ಬಾಯಿಂದ ಊದುವುದು ಡ್ರಿಪ್ ಪೈಪಿಗೆ ಮಾತ್ರ. ಕೊನೆಯ ಮುಚ್ಚಳ ಬಿಚ್ಚಿ ಕೆಸರು ನೀರು ಹೋಗಗೊಡುವುದು, ಆಮೇಲೂ ಉಪ್ಪು ಕಟ್ಟಿದ ತೂತಿಗೆ ತುಟಿ ಹಚ್ಚುವುದು. ಅಳಿಯ ನೀರು ಹೋಗಲೆಂದು ಊದುತ್ತಾನೆ, ನಾನು ಬರಲೆಂದು. ಕೆನ್ನೆ ಉಬ್ಬುವುದು ನನ್ನದು ಮಾತ್ರ.

ಜಿಲ್ಲೆಗೆ ದೊಡ್ಡ ಕೊಳವೇ ಇಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಇದೆ, ಸ್ವಾಮಿ. ಪಕ್ಕದ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿ ವಿಲಾಸ ಸಾಗರ, 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ಎರಡು ಕೋಡಿಗಳ ನಡುವೆ 89 ವರ್ಷ ಕಾದ ಜಿಲ್ಲೆಯವನಿಗೆ ವರ್ಷವರ್ಷವೂ ಕೊಳ ಮುಚ್ಚುವ ಮಾತು ಆತುರವೆನಿಸಿದರೆ ತಪ್ಪಲ್ಲ.

ಭೌತಿಕ ಸಾಕ್ಷ್ಯ ಒಂದೇ. ಕಳೆದ ಸಲ ಊರಿಗೆ ಬಂದಾಗ ಅಳಿಯನ ಜಾಕೆಟ್ ಜೇಬಿನಲ್ಲಿ ಆ ಕಪ್ಪು ರಬ್ಬರ್ ಬಿರಡೆ ಉಳಿದಿತ್ತು. ಈಗ ಅದು ಹಿತ್ತಿಲ ಕಲಗಚ್ಚಿನ ತೊಟ್ಟಿಯ ತೂತಿನಲ್ಲಿದೆ. ಅಳತೆ ಕೊಂಚ ಸಾಲದ್ದಕ್ಕೆ ಹಳೇ ಲುಂಗಿಯ ಚೂರು ಸುತ್ತಿ ತುರುಕಿದ್ದೇನೆ. ಎಮ್ಮೆ ಇದುವರೆಗೆ ಆಕ್ಷೇಪ ಎತ್ತಿಲ್ಲ.