ರಾಯರ ಒಣ ಕಕ್ಕಸು

ರಾಯರ ಮನೆಗೆ ಹೋಗುವುದಿದ್ದರೆ ನಿಂತೇ ಮಾತಾಡಿ ಬಂದುಬಿಡಿ. ಕೂತರೆ ಅಳತೆ ತೆಗೆದುಕೊಳ್ಳುತ್ತಾರೆ.

ಎಚ್‌ಎಂಟಿ, ಐಟಿಐ, ಬಿಇಎಲ್‌ಗಳಲ್ಲಿ ದುಡಿದವರು ಸೈಟು ಕೊಂಡು ಮನೆ ಕಟ್ಟಿಸಿಕೊಂಡ ಬೆಂಗಳೂರಿನ ಬಡಾವಣೆಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಜೇಬಿನಲ್ಲಿ ಕನ್ನಡಕದ ಪಕ್ಕ ವರ್ನಿಯರ್ ಕ್ಯಾಲಿಪರ್, ಮುಂಗೈಗೆ ಕೀಲಿ ಕೊಡುವ ಎಚ್‌ಎಂಟಿ ವಾಚು. ಹಿತ್ತಲ ನಲ್ಲಿ ಸೋರಿದರೆ ಪ್ಲಂಬರನ್ನು ಕರೆಸುವುದಿಲ್ಲ. ಮೊದಲು ನಲ್ಲಿಯ ಡ್ರಾಯಿಂಗ್ ಆಗಬೇಕು: ಮುಂದಿನಿಂದ, ಮೇಲಿನಿಂದ, ಪಕ್ಕದಿಂದ. ಮೂರನೆಯ ನೋಟ ಮುಗಿಯುವಷ್ಟರಲ್ಲಿ ಹೆಂಡತಿ ಸದ್ದಿಲ್ಲದೆ ಒಂದು ವಾಷರ್ ತರಿಸಿ ಹಾಕಿಸಿರುತ್ತಾರೆ. ರಾಯರು ಆ ಡ್ರಾಯಿಂಗನ್ನು ಎಸೆಯುವುದಿಲ್ಲ, ನಂಬರು ಹಾಕಿ ಫೈಲು ಮಾಡುತ್ತಾರೆ.

ಈ ರಾಯರಿಗೆ ವ್ಯಾನಿನಲ್ಲೇ ಮನೆ ಮಾಡಿಕೊಂಡು ದೇಶ ಸುತ್ತುವ ಹುಚ್ಚು ಹತ್ತಿತು. ಕಂಪನಿ ಶಿಫ್ಟಿಗೆ ಓಡಿ ಸುಸ್ತಾದ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡರು. ಸೀಟು ಕಿತ್ತು ಮಂಚ, ಒಲೆ, ಸಿಂಕು, ಸ್ನಾನಕ್ಕೊಂದು ಮೂಲೆ, ನೆತ್ತಿಯ ಮೇಲೆ ಸೋಲಾರ್ ಪ್ಯಾನೆಲ್ಲು ಎಲ್ಲ ಕೂರಿಸಿದರು. ಆರ್‌ಟಿಒ ಪರ್ವವನ್ನು ಇಲ್ಲಿ ಹೇಳುವುದಿಲ್ಲ, ಅದಕ್ಕೆ ವಿಶೇಷಾಂಕವೇ ಬೇಕು. ಇಂಥ ಮನೆಬಂಡಿಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ, ಅದು ರಾಯರಿಗೆ ಸಂಧ್ಯಾವಂದನೆಗಿಂತ ಚೆನ್ನಾಗಿ ಬಾಯಿಗೆ ಬರುತ್ತದೆ ಎಂದರೆ ಸಾಕು. ಎಲ್ಲ ಮುಗಿದ ಮೇಲೆ ಅವರ ಮನೆಯವರು ಒಳಗೆ ಹತ್ತಿ, ಸುತ್ತ ಕಣ್ಣಾಡಿಸಿ ಕೇಳಿದರು:

"ರೀ, ಹೋಗೋದೆಲ್ಲಿಗೆ?"

"ಮೊದಲು ಹಂಪಿ. ಅಲ್ಲಿಂದ ಬಾದಾಮಿ, ಐಹೊಳೆ..."

"ನಾನು ಕೇಳಿದ್ದು ಊರಲ್ಲ."

ಆಕೆ ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಹೇಳಿ ನಿವೃತ್ತರಾದವರು. ಮಂಡಿ ನೋವು ಬೇರೆ. ಗಂಡಸರಿಗೇನು, ಹೆದ್ದಾರಿಯ ಉದ್ದಕ್ಕೂ ಮರಗಳಿವೆ. ಪೆಟ್ರೋಲ್ ಬಂಕಿನ ಹಿಂದಿರುವ ಬೀಗ ಹಾಕಿದ ಬಾಗಿಲಿನ ಕೀಲಿಕೈ ಯಾರ ಹತ್ತಿರ ಇದೆ ಎಂದು ಹುಡುಕಿಕೊಂಡು ಅಲೆಯುವ ಕಷ್ಟ ಹೆಂಗಸರಿಗೇ ಗೊತ್ತು. "ಅದಿಲ್ಲದೆ ನಾನು ಈ ಬಂಡಿ ಹತ್ತಲ್ಲ" ಎಂದು ಇಳಿದು ಒಳಗೆ ಹೋದರು.

ರಾಯರಿಗೆ ಬೇಕಾಗಿದ್ದೂ ಅದೇ. ಹೊಸ ಫೈಲು ತೆರೆಯಿತು.

ಫ್ಲಶ್ ಕಕ್ಕಸು ಮೊದಲ ಪುಟದಲ್ಲೇ ಬಿದ್ದುಹೋಯಿತು. ಒಂದು ಸಲಕ್ಕೆ 6 ಲೀಟರ್ ಬೇಕು, ವ್ಯಾನಿನ ಟ್ಯಾಂಕು 100 ಲೀಟರಿನದು. ಯುರೋಪಿನ ಕ್ಯಾಂಪರ್‌ಗಳಲ್ಲಿ ಇರುವಂಥ ನೀಲಿ ದ್ರಾವಣದ ಕ್ಯಾಸೆಟ್ಟನ್ನು ಸುರಿಯಲು ಅಲ್ಲಿ ಕ್ಯಾಂಪಿಂಗ್ ಜಾಗಗಳಲ್ಲೇ ಗುಂಡಿಗಳಿವೆ. ಇಲ್ಲಿ ಯಾರದೋ ಸೆಪ್ಟಿಕ್ ಟ್ಯಾಂಕಿಗೆ ಸುರಿದರೆ ಅದರೊಳಗೆ ಕೆಲಸ ಮಾಡುವ ಬ್ಯಾಕ್ಟೀರಿಯಾಗಳೇ ಸಾಯಬಹುದು. ರೈಲಿಗೆ ಡಿಆರ್‌ಡಿಒ ಮಾಡಿಕೊಟ್ಟ ಬಯೋ ಟಾಯ್ಲೆಟ್ ಒಳ್ಳೆಯದೇ, ಆದರೆ ಅದಕ್ಕೂ ನೀರು ಬೇಕು, ದೊಡ್ಡ ತೊಟ್ಟಿ ಬೇಕು. ಉಳಿದದ್ದು ಒಣ ಕಕ್ಕಸು.

ಅದರ ತತ್ವವನ್ನು ರಾಯರು ಮೊದಲು ಬಹಿರಂಗಪಡಿಸಿದ್ದು ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. "ನೋಡಿ, ವಾಸನೆಗೆ ಕಾರಣ ಒಂದು ಅಂತೂ ಅಲ್ಲ, ಎರಡು ಅಂತೂ ಅಲ್ಲ. ಎರಡೂ ಸೇರೋದು! ಎರಡರಲ್ಲಿರೋ ಬ್ಯಾಕ್ಟೀರಿಯಾ ಹತ್ರ ಯೂರಿಯೇಸ್ ಅಂತ ಎಂಜೈಮ್ ಇರುತ್ತೆ. ಅದು ಒಂದರಲ್ಲಿರೋ ಯೂರಿಯಾನ ಒಡೆದು ಅಮೋನಿಯಾ ಮಾಡುತ್ತೆ. ಅವೆರಡನ್ನೂ ಹುಟ್ಟೋ ಜಾಗದಲ್ಲೇ ಬೇರೆ ಮಾಡಿಬಿಟ್ರೆ, ಮೇಲೆ ಒಂದು ಹಿಡಿ ಕೊಕೊಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ, ಹಾಕಿದ್ರೆ, ಮುಗೀತು." ಬಡಿಸುವ ಹುಡುಗ ಪಾಯಸದ ಸೌಟು ಹಿಡಿದು ಅಲ್ಲೇ ನಿಂತುಬಿಟ್ಟ. ಆ ಸಾಲಿನಲ್ಲಿ ಪಾಯಸ ಎರಡನೆಯ ಸಲ ಹಾಕಿಸಿಕೊಂಡವರು ರಾಯರೊಬ್ಬರೇ.

ಬೇರೆ ಮಾಡಬೇಕು, ಸರಿ. ಎಲ್ಲಿ? ಮುಂದಿನ ಭಾಗಕ್ಕೂ ಹಿಂದಿನ ಭಾಗಕ್ಕೂ ನಡುವೆ ಬರುವ ಗೋಡೆ ಅರ್ಧ ಇಂಚು ಆಚೀಚೆಯಾದರೆ ತತ್ವವೇ ಮಣ್ಣುಪಾಲು. ಸ್ವೀಡನ್ನಿನ ಸೆಪರೆಟ್‌ನಂಥ ಕಂಪನಿಗಳು ಅಚ್ಚು ಹೊಡೆದ ಸೀಟನ್ನೇ ಮಾರುತ್ತವೆ. ಆದರೆ ಕೊಂಡುಕೊಳ್ಳುವುದು ರಾಯರ ಪ್ರಕಾರ ಎಂಜಿನಿಯರಿಂಗ್ ಅಲ್ಲ, ಶಾಪಿಂಗ್. ಹೀಗಾಗಿ ಅಂಕಿಅಂಶ ಸಂಗ್ರಹ ಶುರುವಾಯಿತು. ಹಲಗೆಯ ಮೇಲೆ ರಂಗೋಲಿ ಪುಡಿ ಹರವಿ, ಬಂದವರನ್ನು "ಒಂದ್ನಿಮಿಷ ಇಲ್ಲಿ ಕೂತ್ಕೊಳ್ಳಿ" ಎನ್ನುವುದು. ಎದ್ದ ಮೇಲೆ ಗುರುತು ಅಳೆಯುವುದು. ಪೇಪರಿನವನ ಅಳತೆ ಇದೆ, ಗ್ಯಾಸಿನವನದಿದೆ. ದೀಪಾವಳಿಗೆ ಬಂದ ಅಳಿಯಂದಿರಿಗೆ ಅತ್ತೆ ಎಣ್ಣೆ ಒತ್ತಿ ನೀರೆರೆದು ಹೊಸ ಪಂಚೆ ಕೊಟ್ಟರು. ಮಾವ ಹಲಗೆ ತೋರಿಸಿದರು. ಆ ಪಂಚೆಯ ಹಿಂಭಾಗದಲ್ಲಿ ಎರಡು ಬಿಳಿ ಸೂರ್ಯರನ್ನು ಹೊತ್ತು ಅಳಿಯಂದಿರು ಪಟಾಕಿ ಹಚ್ಚಿದ್ದನ್ನು ಇಡೀ ಬೀದಿ ನೋಡಿದೆ.

ಪೀಣ್ಯದ ಫೈಬರ್ ಕೆಲಸದವನು ಡ್ರಾಯಿಂಗ್ ತಿರುಗಿಸಿ ತಿರುಗಿಸಿ ನೋಡಿ "ಸಾರ್, ಇದು ಯಾವ ಗಾಡಿ ಮಡ್‌ಗಾರ್ಡು?" ಎಂದನಂತೆ. ಅಂತೂ ಮಾಡಿಕೊಟ್ಟ. ಮುಂದಿನ ಕೊಳವೆ 10 ಲೀಟರಿನ ಕ್ಯಾನಿಗೆ ಇಳಿಯುತ್ತದೆ. ಕ್ಯಾನಿನ ವಾಸನೆ ಮೇಲೆ ಬಾರದಂತೆ ಲಾಳಿಕೆಯೊಳಗೆ ಒಂದು ಪಿಂಗ್‌ಪಾಂಗ್ ಚೆಂಡು. ದ್ರವ ಬಂದಾಗ ತೇಲುತ್ತದೆ, ನಿಂತಾಗ ಕೂತು ಬಾಯಿ ಮುಚ್ಚುತ್ತದೆ. ಎಸ್.ಪಿ. ರೋಡಿನಿಂದ ತಂದ ಕಂಪ್ಯೂಟರ್ ಫ್ಯಾನು 12 ವೋಲ್ಟಿನಲ್ಲಿ ಸದ್ದಿಲ್ಲದೆ ತಿರುಗಿ ಗಾಳಿಯನ್ನು ಹೊರಗೆ ಹಾಕುತ್ತದೆ. ಇಷ್ಟನ್ನು ನಾನೂ ಮೆಚ್ಚುತ್ತೇನೆ. ಇಲ್ಲಿಗೇ ನಿಲ್ಲಿಸಿದ್ದರೆ ರಾಯರು ರಾಯರಾಗುತ್ತಿರಲಿಲ್ಲ.

ಸಮಸ್ಯೆ ಬಂದದ್ದು ಚೊಂಬಿನಿಂದ. ಪಶ್ಚಿಮದವರ ನಕ್ಷೆಗಳೆಲ್ಲ ಕಾಗದ ಬಳಸುವವರಿಗಾಗಿ ಬರೆದವು. ನಮ್ಮವರು ತೊಳೆಯಬೇಕು. ತೊಳೆದ ನೀರು ಬಕೆಟ್ಟಿಗೆ ಬಿತ್ತೋ, ಒಣ ಕಕ್ಕಸು ಅನ್ನುವುದರಲ್ಲಿ ಒಣ ಎಲ್ಲಿ ಉಳಿಯಿತು? ನಮ್ಮ ಹಳ್ಳಿಗಳಲ್ಲಿ ಇಕೋಸ್ಯಾನ್ ಎಂಬ ಒಣ ಕಕ್ಕಸು ಕಟ್ಟಿದವರು ಇದಕ್ಕೆ ಸುಲಭದ ಉಪಾಯ ಕಂಡುಕೊಂಡಿದ್ದಾರೆ: ಮೂರನೆಯದೊಂದು ಜಾಗ. ಕೆಲಸ ಮುಗಿದ ಮೇಲೆ ಒಂದು ಹೆಜ್ಜೆ ಸರಿದು ತೊಳೆದುಕೊಂಡರಾಯಿತು. ವ್ಯಾನಿನಲ್ಲಿ ರಾಯರಿಗೆ ಉಳಿದಿದ್ದ ಅಗಲ ಎರಡೇ ಅಡಿ. ಸರಿಯುವುದೆಲ್ಲಿಗೆ?

ಸರಿಯಬೇಕಾದ್ದು ಮನುಷ್ಯನಲ್ಲ, ಕಕ್ಕಸು! ಸನ್ನೆಕೋಲು ಎಳೆದರೆ ಸ್ಟೀಲಿನ ತಟ್ಟೆಯೊಂದು ಸೀಟಿನ ಕೆಳಗೆ ಜಾರಿ ಬಂದು ಬಕೆಟ್ಟಿನ ಬಾಯಿ ಮುಚ್ಚುತ್ತದೆ, ತೊಳೆದ ನೀರು ಅದರ ಮೇಲೆ ಬಿದ್ದು ಬೇರೆ ಟ್ಯಾಂಕಿಗೆ ಹರಿಯುತ್ತದೆ. ರಿವಿಷನ್ ಡಿ. ರಾಯರು ಅಡುಗೆಮನೆಯ ಟೇಬಲ್ಲಿನ ಮೇಲೆ ಡ್ರಾಯಿಂಗ್ ಹರಡಿದರು. ಹುರುಳಿಕಾಯಿ ಹೆಚ್ಚುತ್ತಿದ್ದ ಹೆಂಡತಿ ಅದರತ್ತ ನೋಡಿ, "ಮುಗಿಯೋಕೆ ಮುಂಚೆ ಎಳೆದುಬಿಟ್ರೆ?" ಎಂದರು.

ಅದಕ್ಕೆ ರಿವಿಷನ್ ಇ. ಲೇತ್ ಮೆಷಿನ್ನಿಗಿರುವಂಥ ಇಂಟರ್‌ಲಾಕ್. ಕೆಂಪು ದೀಪ ಹತ್ತಿದ್ದರೆ ಸನ್ನೆಕೋಲು ಅಲ್ಲಾಡುವುದಿಲ್ಲ. "ಹಸಿರು ಬರೋವರೆಗೆ ಕೂತಿರಬೇಕಾ? ಇದೇನು ಸಿಲ್ಕ್ ಬೋರ್ಡ್ ಜಂಕ್ಷನ್ನಾ?" ಎಂದರು ಆಕೆ.

ರಿವಿಷನ್ ಎಫ್‌ಗೆ ಸ್ಫೂರ್ತಿ ಇಂಗ್ಲೆಂಡಿನ ಡಾರ್ಸೆಟ್‌ನ ಪಾದ್ರಿ ಹೆನ್ರಿ ಮೌಲ್. ಕಾಲರಾ ಕಂಡಿದ್ದ ಆತ ಒಣಮಣ್ಣಿನ ಕಕ್ಕಸು ಮಾಡಿ 1860ರಲ್ಲಿ ಪೇಟೆಂಟ್ ಪಡೆದ. ಹಿಡಿ ಎಳೆದರೆ ಹಿಂದಿನ ಪೆಟ್ಟಿಗೆಯಿಂದ ಅಳತೆಯ ಮಣ್ಣು ಬಿದ್ದು ಎಲ್ಲವನ್ನೂ ಮುಚ್ಚುತ್ತಿತ್ತು. ರಾಯರು ಮಣ್ಣಿನ ಬದಲು ಕೊಕೊಪೀಟ್ ತುಂಬಿ ಅಂಥದ್ದೇ ಪೆಟ್ಟಿಗೆ ಕೂರಿಸಿದರು. ಪಾದ್ರಿಯ ಕಕ್ಕಸು ಮನೆಯಲ್ಲಿತ್ತು, ರಾಯರದು ನಮ್ಮ ರಸ್ತೆಯ ಮೇಲೆ. ಹೊಸಕೋಟೆವರೆಗೆ ಪ್ರಯೋಗಾರ್ಥ ಓಡಿಸಿದಾಗ ರಸ್ತೆಯ ಪ್ರತಿ ಹಂಪ್‌ಗೂ ಅದು ತಾನಾಗಿಯೇ ಒಂದು ಅಳತೆ ಉದುರಿಸಿತು. ಬಾಗಿಲು ತೆರೆದಾಗ ಒಳಗೆ ತಿಪಟೂರಿನ ನಾರಿನ ಕಾರ್ಖಾನೆ. ಅವರ ಮಂಚ, ಒಲೆ, ಎಲ್ಲಕ್ಕೂ ಕಂದು ಬಣ್ಣದ ಅಭಿಷೇಕವಾಗಿತ್ತು.

ಕೊನೆಗೆ ಆಕೆಯೇ ಗ್ಯಾರೇಜಿಗೆ ಬಂದರು. ಮನೆಗೆ ಬಣ್ಣ ಹೊಡೆಸಿದಾಗ ಉಳಿದಿದ್ದ 20 ಲೀಟರಿನ ಪೇಂಟ್ ಬಕೆಟ್ ಎಳೆದು, ಮೇಲೆ ಫೈಬರ್ ಸೀಟು ಇಟ್ಟರು. ಪಕ್ಕದಲ್ಲಿ ಮುಚ್ಚಳದ ಡಬ್ಬಿಯಲ್ಲಿ ಕೊಕೊಪೀಟ್, ಅದರೊಳಗೆ ತೆಂಗಿನ ಚಿಪ್ಪು. ತೊಳೆಯುವುದಕ್ಕೆ ಸ್ನಾನದ ಮೂಲೆಯ ಮೋರಿಯ ಮೇಲೆ ಪ್ಲಾಸ್ಟಿಕ್ ಸ್ಟೂಲು, ಕೈಗೆ ಸಿಗುವಂತೆ ಷವರ್. "ಸ್ಟೂಲ್ ಮೇಲೆ ಜರುಗಿ ಕೂತ್ರೆ ಆಯ್ತು. ಮಂಡಿಗೂ ನೋವಿಲ್ಲ." ರಾಯರು ಆ ಸ್ಟೂಲನ್ನು ಬಹಳ ಹೊತ್ತು ನೋಡಿ, ಎತ್ತರ ಅಳೆದು, ಡ್ರಾಯಿಂಗಿನಲ್ಲಿ ರಿವಿಷನ್ ಜಿ ಎಂದು ಬರೆದುಕೊಂಡರು.

ಮೇಷ್ಟ್ರಮ್ಮ ಆ ಹಾಳೆಯನ್ನು ಕೈಗೆತ್ತಿಕೊಂಡು ಉತ್ತರ ಪತ್ರಿಕೆ ನೋಡುವಂತೆ ಮೇಲಿನಿಂದ ಕೆಳಗೆ ನೋಡಿದರು. ಎಲ್ಲವೂ ಇತ್ತು. ಬಕೆಟ್ಟಿನಿಂದ ಒಂದು ಬಾಣ ಹೊರಟು, ಅದರ ಮೇಲೆ ಅಂದವಾದ ಅಕ್ಷರದಲ್ಲಿ "ವಿಲೇವಾರಿ" ಎಂದು ಬರೆದಿತ್ತು. ಬಾಣದ ತುದಿ ಹಾಳೆಯ ಅಂಚು ದಾಟಿ ಹೋಗಿತ್ತು.

"ಈ ಬಾಣ ಎಲ್ಲಿಗೆ ಹೋಗುತ್ತೆ?"

"ಅದೇನ್ ದೊಡ್ಡದು? ಹೋದ ಊರಲ್ಲಿ ಯಾರಾದ್ರೂ ಸಿಕ್ತಾರೆ. ಒಂದೈನೂರು ಕೈಗಿಟ್ರೆ..."

ಆಕೆ ಬೆಳೆದದ್ದು ಕೆಜಿಎಫ್‌ನಲ್ಲಿ. ಗಣಿ ಕಾಲೊನಿಗಳ ಒಣ ಪಾಯಿಖಾನೆಗಳನ್ನೂ ಅವುಗಳ ಹಿಂಬಾಗಿಲಿಗೆ ಬುಟ್ಟಿ ಹಿಡಿದು ಬರುತ್ತಿದ್ದವರನ್ನೂ ಕಂಡವರು. ಅಲ್ಲಿಯೇ ಹುಟ್ಟಿದ ಬೆಜವಾಡ ವಿಲ್ಸನ್ ಈ ಹೊರೆ ಇಳಿಸುವುದಕ್ಕಾಗಿಯೇ ದೇಶ ತಿರುಗಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದದ್ದು, ಅದಕ್ಕೂ ಎಷ್ಟೋ ಮೊದಲು ದೇವರಾಜ ಅರಸರ ಕಾಲದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಮಲ ಹೊರುವುದನ್ನೇ ನಿಲ್ಲಿಸಹೊರಟದ್ದು, ಎಲ್ಲವೂ ಆಕೆಯ ಪಾಠದಲ್ಲಿ ಬರುತ್ತಿತ್ತು, ಪುಸ್ತಕದಲ್ಲಿ ಇರಲಿ ಬಿಡಲಿ. "2013ರ ಕಾಯ್ದೆ. ಇನ್ನೊಬ್ಬರ ಕೈಲಿ ಇದನ್ನ ಎತ್ತಿಸಿದ್ರೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲ 50,000 ರೂಪಾಯಿವರೆಗೆ ದಂಡ. ಎರಡೂ ಹಾಕಬಹುದು. ಜೈಲಲ್ಲಿ ಕಕ್ಕಸು ಹೇಗಿರುತ್ತೆ ಅಂತ ಅಳತೆ ತಗೊಂಡು ಬರ್ತೀರೇನು?"

ಮೈಕ್ರಾನ್ ಲೆಕ್ಕದಲ್ಲಿ ಬದುಕಿದ ರಾಯರು ಉತ್ತರವಿಲ್ಲದೆ ಪೆನ್ಸಿಲ್ ಚೂಪು ಮಾಡುತ್ತಾ ಕೂತರು. ಆಮೇಲೆ ರಬ್ಬರಿನಿಂದ ಬಾಣವನ್ನು ಅಳಿಸಿ, ಹಾಳೆಯೊಳಗೇ ತಿರುಗಿಸಿ, ಅದರ ತುದಿಯಲ್ಲಿ ಒಬ್ಬ ಮನುಷ್ಯನನ್ನು ಬರೆದರು. ಮನುಷ್ಯನಿಗೆ ಕನ್ನಡಕ ಇತ್ತು.

ಹಂಪಿ, ಬಾದಾಮಿ ಆಯಿತು. ರಾಯರು ದಪ್ಪ ರಬ್ಬರ್ ಗ್ಲೌಸು ತೊಟ್ಟು, ಮೂಗಿಗೆ ಪಂಚೆಯ ಚುಂಗು ಕಟ್ಟಿ, ತಮ್ಮ ಬಕೆಟ್ಟನ್ನು ತಾವೇ ಮುಚ್ಚಿ ಬಿಗಿದು ಮನೆಯವರೆಗೆ ತಂದರು. ಈಗ ಹಿತ್ತಲ ಮೂಲೆಯಲ್ಲಿ ಒಂದು ಡ್ರಮ್ಮು. ಎಲೆ, ಕೊಕೊಪೀಟ್, ಅದು, ಮತ್ತೆ ಎಲೆ. ಮುಚ್ಚಳದ ಮೇಲೆ ತುಂಬಿದ ತಾರೀಖು, ಕೆಳಗೆ ಕೆಂಪಕ್ಷರದಲ್ಲಿ "ಒಂದು ವರ್ಷ ಮುಟ್ಟತಕ್ಕದ್ದಲ್ಲ." ಮಾಗದ ಗೊಬ್ಬರದಲ್ಲಿ ಜಂತುಹುಳುವಿನ ಮೊಟ್ಟೆ ಬದುಕಿರುತ್ತದೆ, ಆ ವಿಷಯದಲ್ಲಿ ರಾಯರದು ಆಚಾರವಂತರ ಕಟ್ಟುನಿಟ್ಟು. ಮಾಗಿದ ಮೇಲೂ ಸೊಪ್ಪು ತರಕಾರಿಗೆ ಹಾಕುವುದಿಲ್ಲ, ಬರೀ ದಾಸವಾಳಕ್ಕೆ ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಾರೆ.

ಆದರೆ ಡ್ರಮ್ಮು ಇರುವುದು ಕರಿಬೇವಿನ ಗಿಡದ ಪಕ್ಕ. ಬೆಳಗ್ಗೆ ಒಗ್ಗರಣೆಯ ಹೊತ್ತಿಗೆ "ಎರಡೇ ಎರಡು ಎಳೆ" ಎಂದು ಬಂದು ಅರ್ಧ ಕೊಂಬೆ ಮುರಿದುಕೊಂಡು ಹೋಗುತ್ತಿದ್ದ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಗಿಡ ಗೋಡೆ ಮೀರಿ ಬೆಳೆದಿದೆ. ತರಕಾರಿಯ ತಳ್ಳುಗಾಡಿಯವನು ಇಷ್ಟು ದಿನ ಕೊತ್ತಂಬರಿಯ ಜೊತೆ ಪುಕ್ಕಟೆ ಹಾಕಿಕೊಡುತ್ತಿದ್ದ ಕರಿಬೇವಿಗೆ ನಮ್ಮ ಬೀದಿಯಲ್ಲಿ ಮಾತ್ರ ಈಗ ಕಟ್ಟಿಗೆ ಹತ್ತು ರೂಪಾಯಿ.