ನಖಭಂಗ ಮೀಮಾಂಸೆ: ಜೆಲ್ ಉಗುರಿನ ಜೀರ್ಣೋದ್ಧಾರ ವಿಚಾರ

ಉಗುರಿನ ತಾತ್ತ್ವಿಕ ಸ್ಥಾನಮಾನ ಹಿರಣ್ಯಕಶಿಪುವಿನ ಪ್ರಕರಣದಲ್ಲೇ ಇತ್ಯರ್ಥವಾಗಿದೆ. ಜೀವವಿದ್ದದ್ದೂ ಅಲ್ಲ, ಜೀವವಿಲ್ಲದ್ದೂ ಅಲ್ಲ ಎಂಬ ಕಾರಣಕ್ಕೇ ಅದು ವರದ ಸಂದಿಯಲ್ಲಿ ನುಸುಳಿ ಕೆಲಸ ಮುಗಿಸಿತು. ವಾತ್ಸ್ಯಾಯನನಾದರೋ ಕಾಮಸೂತ್ರದಲ್ಲಿ ಒಳ್ಳೆಯ ಉಗುರಿನ ಗುಣಗಳನ್ನು ಎಣಿಸುತ್ತ, ಅದು ಸೀಳಿರಬಾರದು ಎಂದೂ ಸೇರಿಸಿದ್ದಾನೆ. ಸೀಳಿದರೆ ಮುಂದಿನ ಗತಿಯೇನು ಎಂಬಲ್ಲಿ ಮಾತ್ರ ಮುನಿ ಮೌನ. ಆ ಲೋಪ ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ದೇಶ: ಜಯನಗರದ ಒಂದು ನೇಲ್ ಸ್ಟುಡಿಯೋ. ಕಾಲ: ಆರತಕ್ಷತೆಯ ಹಿಂದಿನ ಸಂಜೆ.

ಮೊದಲು ಕಾರಣ ವಿಚಾರ. ಮುರಿದ ಉಗುರು ಹೊತ್ತು ಬಂದವರೆಲ್ಲರ ಹೇಳಿಕೆ ಒಂದೇ: “ನಾನೇನೂ ಮಾಡ್ಲಿಲ್ಲ, ತಾನಾಗೇ ಹೋಯ್ತು.” ಕಾರಣವಿಲ್ಲದೆ ಕಾರ್ಯವುಂಟೆಂದು ನೈಯಾಯಿಕರು ಒಪ್ಪುವುದಿಲ್ಲ. ಸ್ಟುಡಿಯೋ ಒಪ್ಪುತ್ತದೆ, ಗೂಗಲ್ಲಿನಲ್ಲಿ ಸ್ಟಾರ್ ಕೊಡುವವರು ನೈಯಾಯಿಕರಲ್ಲವಷ್ಟೆ. ಆದರೆ ಶಬ್ದಪ್ರಮಾಣ ಬದಿಗಿಟ್ಟು ಪ್ರತ್ಯಕ್ಷಕ್ಕೆ ಬಂದರೆ ಉಗುರೇ ಬಾಯಿಬಿಡುತ್ತದೆ. ಬುಡದಲ್ಲಿ ಕ್ಯೂಟಿಕಲ್ ಪಕ್ಕ ಜೆಲ್ ಎದ್ದಿದ್ದರೆ ತಪ್ಪು ಬಹುಮಟ್ಟಿಗೆ ಟೆಕ್ನಿಷಿಯನ್ನರದು: ಸತ್ತ ಚರ್ಮದ ತೆಳು ಪೊರೆ ಕೆರೆದಿಲ್ಲ, ಜಿಡ್ಡು ಒರೆಸಿಲ್ಲ, ಇಲ್ಲವೇ ಜೆಲ್ ಚರ್ಮದ ಮೇಲೆ ಹರಿದಿದೆ. ಉಗುರು ಬೆರಳಿನ ಆಸರೆ ಬಿಟ್ಟು ಹೊರಡುವ ಗೆರೆಯಲ್ಲಿ ಅಡ್ಡ ಬಿರುಕಿದ್ದರೆ ಕಥೆಯೇ ಬೇರೆ. ಪೆಟ್ಟೆಲ್ಲ ಬೀಳುವುದು ಅಲ್ಲೇ. ಅದಕ್ಕೆಂದೇ ಅಲ್ಲಿ ಏಪೆಕ್ಸ್ ಎಂಬ ಗೂನು ಕಟ್ಟುತ್ತಾರೆ. ಗೂನು ನೆಟ್ಟಗಿದ್ದೂ ಉಗುರು ಒಡೆದಿದ್ದರೆ, ಚಕ್ಕುಲಿ ತುಂಬಿದ ಸ್ಟೀಲ್ ಡಬ್ಬಿಯ ಬಿಗಿ ಮುಚ್ಚಳವನ್ನು ಅನುಮಾನಪ್ರಮಾಣದಿಂದ ಊಹಿಸತಕ್ಕದ್ದು.

ಇನ್ನು ಚಿಕಿತ್ಸೆ. ಇಲ್ಲಿ ಎರಡು ಪಂಥಗಳಿವೆ. ದುರಸ್ತಿವಾದಿಗಳಿಗೆ ಇತಿಹಾಸದ ಬಲವಿದೆ. 1950ರ ದಶಕದಲ್ಲಿ ಅಮೆರಿಕದ ದಂತವೈದ್ಯ ಫ್ರೆಡ್ ಸ್ಲ್ಯಾಕ್ ತನ್ನ ಮುರಿದ ಉಗುರಿಗೆ ಹಲ್ಲಿನ ಅಕ್ರಿಲಿಕ್ ಮೆತ್ತಿಕೊಂಡದ್ದರಿಂದಲೇ ಇಂದಿನ ಕೃತಕ ಉಗುರಿನ ವಂಶ ಬೆಳೆಯಿತೆಂಬುದು ಈ ಕಸುಬಿನ ಸ್ಥಳಪುರಾಣ. ದುರಸ್ತಿವಾದಿಗಳ ವಿಧಿ ಹೀಗೆ: ಎದ್ದ ಜೆಲ್ಲನ್ನು ಗಟ್ಟಿಯಾಗಿ ಹಿಡಿದಿರುವ ಜಾಗದವರೆಗೂ ಫೈಲ್ ಮಾಡಿ ತೆಗೆಯಬೇಕು. ಕೀಳಕೂಡದು, ಕಿತ್ತರೆ ಅಸಲಿ ಉಗುರಿನ ಪದರವೂ ಜೊತೆಗೇ ಬರುತ್ತದೆ. ಬಿರುಕನ್ನು ಕಾಲುವೆಯಂತೆ ತೋಡಿ, ಫೈಬರ್‌ಗ್ಲಾಸ್ ಪಟ್ಟಿಯಿಟ್ಟು, ಜೆಲ್ಲನ್ನು ತೆಳುವಾಗಿ ಪದರ ಪದರವಾಗಿ ತುಂಬಬೇಕು. ಆತುರಪಟ್ಟು ಒಂದೇ ಸಲ ದಪ್ಪಗೆ ಬಳಿದರೆ ಲ್ಯಾಂಪಿನೊಳಗೆ ಜೆಲ್ ಗಟ್ಟಿಯಾಗುವಾಗ ಹುಟ್ಟುವ ಬಿಸಿ ಉಗುರಿನಡಿಯ ಚರ್ಮಕ್ಕೇ ನಾಟುತ್ತದೆ. “ಅಮ್ಮಾ, ಸುಡ್ತಿದೆ!” ಎಂದು ಗ್ರಾಹಕಿ ಕೈ ಎಳೆದುಕೊಂಡು ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತಾಳೆ. ಅರೆಗಟ್ಟಿ ಜೆಲ್ ಆಗ ತುಟಿಗೆ.

ಉಚ್ಚಾಟನವಾದಿಗಳು ಇದಾವುದಕ್ಕೂ ಸೊಪ್ಪು ಹಾಕುವುದಿಲ್ಲ. ಪೂರ್ತಿ ತೆಗೆ, ಹೊಸದು ಕಟ್ಟು ಎಂಬುದು ಅವರ ಸಿದ್ಧಾಂತ. ಕರಗುವ ಜೆಲ್ಲಾದರೆ ಅಸಿಟೋನಿನಲ್ಲಿ ನೆನೆದ ಹತ್ತಿಯನ್ನು ಫಾಯಿಲಿನಲ್ಲಿ ಸುತ್ತಿ ಕೂರುವುದು. ಹಾರ್ಡ್ ಜೆಲ್ ಅಸಿಟೋನಿಗೆ ಜಗ್ಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಇವರ ವಾದ ನಿರ್ವಿವಾದವಾಗಿ ಗೆಲ್ಲುವ ಸಂದರ್ಭವೂ ಒಂದಿದೆ. ಎದ್ದ ಜೆಲ್ಲಿನಡಿ ತೇವ ಕೂತು, ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯ ಮನೆಮಾಡಿ ಉಗುರು ಹಸಿರಾಗಿದ್ದರೆ, ಅದನ್ನು ಮುಚ್ಚಿ ಮೇಲೆ ಬಣ್ಣ ಬಳಿಯುವುದು ಮಹಾಪಾತಕ. ಮನೆಯಲ್ಲೇ ಸೂಪರ್ ಗ್ಲೂ ಹಚ್ಚಿಕೊಂಡು ಬರುವ ಗೃಹಸ್ಥ ಪಂಥದವರಲ್ಲಿ ಈ ಹಸಿರು ಕಂಡರೆ ಆಶ್ಚರ್ಯಪಡಬೇಕಿಲ್ಲ. ಅಂಥವರಿಗೆ ಜೆಲ್ ತೆಗೆದು, ಚರ್ಮದ ಡಾಕ್ಟರ ದಾರಿ ತೋರಿಸಬೇಕು. ಆಮೇಲೆ ಅಸಲಿ ಉಗುರು ಬೆಳೆದು ಬರುವತನಕ ಕಾಯಬೇಕು, ಅದು ಬೆಳೆಯುವುದೋ ತಿಂಗಳಿಗೆ ಸುಮಾರು 3 ಮಿಲಿಮೀಟರ್. ಮುಹೂರ್ತ ಅಷ್ಟು ಕಾಯುವುದಿಲ್ಲ ಎಂಬುದು ಗ್ರಾಹಕಿಯ ಪೂರ್ವಪಕ್ಷ. ಶಾಸ್ತ್ರ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ವರ್ಣಸಾಮ್ಯದ ಸಮಸ್ಯೆಯೂ ಇದೆ. ಅದೇ ಬಾಟಲಿ, ಅದೇ ನಂಬರು, ಆದರೂ ಹೊಸ ಬೆರಳು ಉಳಿದ ಒಂಬತ್ತರ ನಡುವೆ ನೆಂಟರಂತೆ ಎದ್ದು ಕಾಣುತ್ತದೆ. ಅದಕ್ಕೆ ಗ್ಲಿಟರ್ ಸುರಿದು ಆಕ್ಸೆಂಟ್ ನೇಲ್ ಎಂದು ಘೋಷಿಸುವುದು ಸಂಪ್ರದಾಯ.

ಕೊನೆಯದು ದಕ್ಷಿಣೆ. ಬುಡದಲ್ಲಿ ಎದ್ದಿದ್ದರೆ ರಿಪೇರಿ ಪುಕ್ಕಟೆ. ಗೆರೆಯಲ್ಲಿ ಒಡೆದಿದ್ದರೆ ಪೂರ್ತಿ ದರ. ಒಂದೇ ಉಗುರಿನಲ್ಲಿ ಎರಡೂ ಕಂಡರೆ ಭೇದಾಭೇದವಾದವನ್ನು ಅನುಸರಿಸಿ ಅರ್ಧ ದರ ತೆಗೆದುಕೊಳ್ಳತಕ್ಕದ್ದು. ಗ್ರಾಹಕಿಯ ತಾಯಿ ಸೋಫಾದಲ್ಲಿ ಕೂತಿದ್ದರೆ ಅದೂ ಇಲ್ಲ.