ಕಪ್ಪಡ ಕದ್ದ ಕಳ್ಳಿ

‘ಸಂಕ್ರಾಂತಿಗೆ ಬಾರೋ, ನಮ್ಮೂರಾಗ ಏಳು ಕಂಬ ನಡದಾಡ್ತಾವ.’ ಸೊಲ್ಲಾಪುರದ ಗೆಳೆಯ ತಮ್ಮೂರ ಸಿದ್ಧರಾಮೇಶ್ವರ ಜಾತ್ರೆಯ ಬಗ್ಗೆ ಮೈಸೂರಿನವನಾದ ನನಗೆ ಹೇಳಿದ್ದು ಇಷ್ಟೇ. ಭೂತಚೇಷ್ಟೆ ಇರಬೇಕೆಂದು ಹೆದರಿಕೊಂಡೇ ಹೋದೆ. ನೋಡಿದರೆ, ಬಿಳಿ ಬಾರಾಬಂದಿ ತೊಟ್ಟವರು ಹೊತ್ತು ತರುವ ಎತ್ತರದ 7 ನಂದಿಧ್ವಜಗಳು! ಬುಡ ಸೊಂಟದ ಹತ್ತಿರ, ತುದಿ ಆಕಾಶದ ಹತ್ತಿರ. ಇದಕ್ಕಾಗಿ ವಾರಗಟ್ಟಲೆ ಮೊದಲೇ ಓಣಿಗಳಲ್ಲಿ ತಾಲೀಮು ನಡೆಯುತ್ತದಂತೆ.

ಮರಾಠಿ ಫಲಕದಲ್ಲಿ ‘ಯಣ್ಣೀಮಜ್ಜನ’ ಎಂದಿತ್ತು. ಯಾವುದೋ ಘನವಾದ ಸಂಸ್ಕೃತ ಯಜ್ಞವೆಂದು ಕೈಮುಗಿದು, ಚಹಾದಂಗಡಿಯ ಕಾಕಾರನ್ನು ವಿಚಾರಿಸಿದೆ.

‘ಕನ್ನಡದಾಂವ ಆಗಿ ನನ್ನ ಕೇಳ್ತೀಯಲ್ಲೋ ತಮ್ಮಾ! ಎಣ್ಣಿ ಮಜ್ಜನ. ಸಿದ್ಧರಾಮಪ್ಪ ಊರ ಸುತ್ತ ಇಟ್ಟ 68 ಲಿಂಗಕ್ಕ ಎಣ್ಣಿ ಹಚ್ಚೂದು.’

12ನೇ ಶತಮಾನದಲ್ಲಿ ಕನ್ನಡದಲ್ಲಿ ವಚನ ಬರೆದ ಶರಣನ ಊರಲ್ಲಿ, ಎಣ್ಣೆಯನ್ನೇ ಗುರುತಿಸದೆ ಜಾರಿ ಬಿದ್ದಿದ್ದೆ.

ಮರುದಿನ ಯಾರೋ, ‘ಕಡೀಕ ಕಪ್ಪಡಕಳ್ಳಿ ಇರ್ತದ’ ಎಂದರು. ಬಟ್ಟೆ ಕದಿಯುವ ಹೆಂಗಸೇ? ಚೀಲ ಎದೆಗವುಚಿಕೊಂಡು ಮತ್ತೆ ಕಾಕಾರ ಬಳಿ ಓಡಿದೆ. ಅವರು ನಕ್ಕ ರಭಸಕ್ಕೆ ಬಶಿಯಲ್ಲಿದ್ದ ಚಹಾ ಚೆಲ್ಲಿತು. ‘ಕಪ್ಪಡ ಕಳಿಯೂದೋ ಮಾರಾಯಾ! ಜಾತ್ರಿ ಮುಗದ ಮ್ಯಾಲ ನಂದಿಧ್ವಜದ ವಸ್ತ್ರ ತಗಿಯೂದು!’

ಈ ಸಲ ಬೆಂಗಳೂರಿನ ಭಾವಮೈದುನ ಜಾತ್ರೆಗೆ ಹೊರಟಿದ್ದಾನೆ. ‘ಅಲ್ಲಿ ಏನೇನಿದೆ ಭಾವ?’ ಎಂದ.

‘ಏಳು ಕಂಬ ನಡೆದಾಡುತ್ತವೆ. ಕಡೇ ದಿನ ಚೀಲ ಭದ್ರ!’ ಎಂದಷ್ಟೇ ಹೇಳಿದ್ದೇನೆ.